ಕಡ್ಡಿಗೆ ಬೇರು ಬರುವವರೆಗೆ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಚಿಕ್ಕೇರೂರಿನ ಕಡೆ ಮನೆಮನೆಯ ಹಿತ್ತಲಿನಲ್ಲಿಯೂ ಕಡ್ಡಿ ಊರುವ ಗಡಿಬಿಡಿ ಸುರುವಾಗುತ್ತದೆ. ಒಬ್ಬರ ಮನೆಯ ದಾಸವಾಳ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅವರ ಮನೆಯ ಮಲ್ಲಿಗೆ ಇವರ ಮನೆಗೆ ಬರುತ್ತದೆ. ನುಗ್ಗೆಯ ಟೊಂಗೆಯನ್ನು ಕಡಿದು ಬೇಲಿಯ ಸಾಲಿನಲ್ಲಿ ನೆಟ್ಟರೆ ಸಾಕು, ಕೆಲವೇ ದಿನಗಳಲ್ಲಿ ಚಿಗುರಿ ನಿಲ್ಲುತ್ತದೆ. ಅದಕ್ಕೆ ಶಾಸ್ತ್ರ ಬೇಡ, ಔಷಧ ಬೇಡ, ಮಳೆಯೊಂದಿದ್ದರಾಯಿತು. ಆದರೆ ಇದೇ ನಂಬಿಕೆಯಿಂದ ನೀವು ಅಂಗಳದ ಥೂಜಾ ಗಿಡದ ಟೊಂಗೆಯೊಂದನ್ನು ಮುರಿದು ಮಣ್ಣಿಗೆ ಚುಚ್ಚಿದಿರೋ, ಅದು ನಿಮ್ಮನ್ನು ಮೋಸಗೊಳಿಸುತ್ತದೆ. ಮೋಸವೆಂದು ಏಕೆ ಹೇಳುತ್ತೇನೆಂದರೆ, ದಾಸವಾಳದ ಕಡ್ಡಿ ಹತ್ತದಿದ್ದರೆ ಎಂಟು ಹತ್ತು ದಿನಗಳಲ್ಲಿ ಬಾಡಿ, ತಾನು ಉಳಿಯುವುದಿಲ್ಲವೆಂದು ಹೇಳಿಬಿಡುತ್ತದೆ. ಥೂಜಾ ಹಾಗಲ್ಲ. ಬೇರಿಲ್ಲದೆಯೂ ಅದು ಎರಡು ಮೂರು ತಿಂಗಳು ಹಸುರಾಗಿಯೇ ನಿಂತಿರುತ್ತದೆ.

ಈ ಮೋಸಕ್ಕೆ ನಾನೇ ಸಿಕ್ಕಿಬಿದ್ದವನು. ಆ ಸಂಗತಿಯನ್ನು ಮೊದಲು ಹೇಳಿ, ಅದರಿಂದ ಕಲಿತದ್ದನ್ನು ಆಮೇಲೆ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಮನೆಯ ಮುಂಬಾಗಿಲಿನ ಎಡಕ್ಕೆ ಒಂದು ಥೂಜಾ ಗಿಡವಿತ್ತು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಅಪ್ಪ ಹಾವೇರಿಯಿಂದ ಬರುವಾಗ ಒಂದು ಡಬ್ಬಿಯಲ್ಲಿ ತಂದು ಹಚ್ಚಿದ್ದು. ಅದರ ಚಪ್ಪಟೆಯಾದ ತೊಪ್ಪಲನ್ನು ಪುಸ್ತಕದ ನಡುವೆ ಇಟ್ಟುಕೊಂಡರೆ ವಿದ್ಯೆ ಹತ್ತುತ್ತದೆಂದು ನಾವು ಹುಡುಗರು ನಂಬಿದ್ದೆವು. ಪರೀಕ್ಷೆ ಹತ್ತಿರ ಬಂದಾಗ ಕೈಗೆ ಎಟುಕುವ ಎತ್ತರದವರೆಗೆ ಗಿಡ ತೆಳ್ಳಗಾಗುತ್ತಿತ್ತು. ಕಾಲಾಂತರದಲ್ಲಿ ಅಪ್ಪ ತೀರಿಕೊಂಡರು. ಗಿಡ ಮಾಳಿಗೆಯ ಎತ್ತರಕ್ಕೆ ಬೆಳೆಯಿತು. ಕೆಲವು ವರ್ಷಗಳ ಹಿಂದೆ ಮನೆಯ ಮುಂದಿನ ಹಾದಿಯನ್ನು ಅಗಲ ಮಾಡುವ ಮಾತು ಬಂದು, ಅಳತೆಯವರು ಎಳೆದ ಸುಣ್ಣದ ಗೆರೆ ಗಿಡದಿಂದ ಈಚೆಗೆ ಬಿದ್ದಿತು. ಅವ್ವ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದಳು. “ಹಾದಿ ಎಲ್ಲಾರಿಗೂ ಬೇಕು. ಗಿಡಾ ಹ್ವಾದ್ರ ಹೋಗ್ಲಿ ತಮ್ಮಾ, ಅದರದೊಂದು ಕುಡಿ ಉಳಿಸಿ ಕೊಡು” ಎಂದಳು.

ಬೀಜ ಹಾಕಿದರಾಗದೇ ಎಂದು ನೀವು ಕೇಳಬಹುದು. ಥೂಜಾದ ಬೀಜ ಸುಲಭವಾಗಿ ಮೊಳೆಯುತ್ತದೆ. ಹತ್ತು ಸಸಿ ಬೇಕಾದವರು ಬೀಜ ಹಾಕುವುದೇ ಒಳ್ಳೆಯದು. ಆದರೆ ಬೀಜದಿಂದ ಹುಟ್ಟಿದ್ದು ಆ ಗಿಡದ ಮಗು. ಅದರಲ್ಲಿ ಬೇರೊಂದು ಗಿಡದ ಅಂಶವೂ ಬೆರೆತಿರಬಹುದು. ಬಣ್ಣ, ಆಕಾರ ಬದಲಾಗಬಹುದು. ಕಡ್ಡಿಯಿಂದ ಬೆಳೆದದ್ದಾದರೋ ಮಗುವಲ್ಲ, ಆ ಗಿಡವೇ. ಬಂಗಾರದ ಬಣ್ಣದ ಕುಳ್ಳ ಥೂಜಾವನ್ನು ಮಾರುವವರು ಅದನ್ನು ಕಡ್ಡಿಯಿಂದಲೇ ಬೆಳೆಸುವುದಕ್ಕೆ ಇದೇ ಕಾರಣ. ಅವ್ವ ಕೇಳಿದ್ದೂ ಅಪ್ಪ ಹಚ್ಚಿದ ಆ ಗಿಡವನ್ನೇ.

ಅಂದು ನಾನು ಮಾಡಿದ್ದು ಇಷ್ಟು: ಹಿತ್ತಲಿನಲ್ಲಿ ಬಿಸಿಲು ಬೀಳುವ ಕಡೆ ಒಂದು ಪಾತಿ ಮಾಡಿ, ಚೆನ್ನಾಗಿ ಕೊಟ್ಟಿಗೆ ಗೊಬ್ಬರ ಬೆರೆಸಿ, 30 ಕಡ್ಡಿಗಳನ್ನು ಊರಿದೆ. ಮಳೆ ಇಲ್ಲದ ದಿನ ಎರಡು ಹೊತ್ತು ನೀರು ಹಾಕಿದೆ. ಪಂಚಮಿಗೆ ಹಸುರು, ಗಣಪತಿ ಹಬ್ಬಕ್ಕೆ ಹಸುರು, ಮಹಾನವಮಿಗೂ ಹಸುರು. ಅವ್ವ ನೆರೆಯವರಿಗೆಲ್ಲ, ನಿಮಗೂ ಒಂದು ಕೊಡುತ್ತೇವೆಂದು ಮಾತು ಕೊಟ್ಟಿದ್ದಳು. ಮಳೆ ನಿಂತು ಬಿಸಿಲು ಬಲಿಯಿತು. ದೀಪಾವಳಿಯ ಹೊತ್ತಿಗೆ ಎಲ್ಲವೂ ಒಂದೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಕಿತ್ತು ನೋಡಿದರೆ ಕೆಲವುಗಳ ಬುಡ ಕಪ್ಪಾಗಿ ಕೊಳೆತಿತ್ತು; ಕೆಲವುಗಳ ಬುಡದಲ್ಲಿ ಜೋಳದ ಕಾಳಿನಷ್ಟು ಬಿಳಿಯ ಗಂಟು ಕಟ್ಟಿತ್ತು; ಒಂದಕ್ಕೂ ಬೇರಿರಲಿಲ್ಲ. ನಮ್ಮ ಅದೃಷ್ಟಕ್ಕೆ ಹಾದಿಯ ಕೆಲಸ ಆ ವರ್ಷ ಸುರುವಾಗಲಿಲ್ಲ. ಇನ್ನೊಂದು ಮಳೆಗಾಲದ ವಾಯಿದೆ ಸಿಕ್ಕಿತು.

ಈಗ ಕಾರಣಕ್ಕೆ ಬರೋಣ. ಥೂಜಾ, ಸೈಪ್ರೆಸ್, ಜುನಿಪರ್, ಪೈನ್, ಹಿಮಾಲಯದ ದೇವದಾರು, ಕುಂಡದಲ್ಲಿ ಇಡುವ ಕ್ರಿಸ್‌ಮಸ್ ಗಿಡವೆಂಬ ಅರೌಕೇರಿಯಾ, ಇವೆಲ್ಲ ಶಂಕುವೃಕ್ಷಗಳ ಜಾತಿಯವು. ಇವಕ್ಕೆ ನಮ್ಮ ಮಾವು, ಬೇವುಗಳ ಹಾಗೆ ಹೂವಿಲ್ಲ, ಹಣ್ಣಿಲ್ಲ. ಹೆಚ್ಚಿನವುಗಳ ಬೀಜ ಗಟ್ಟಿಯಾದ ಶಂಕುವಿನೊಳಗೆ ಬಲಿಯುತ್ತದೆ. ಸರ್ವೆಯ ಮರವನ್ನು ಅನೇಕರು ಇದೇ ಜಾತಿಯದೆಂದು ತಿಳಿಯುತ್ತಾರೆ. ಅದು ತಪ್ಪು. ಸರ್ವೆ ಹೂ ಬಿಡುವ ಮರ. ಅದರ ಸೂಜಿಯಂಥ ಎಲೆ ಎಂದು ನಾವು ಕರೆಯುವುದು ನಿಜವಾಗಿ ಹಸುರಾದ ಸಣ್ಣ ಕಡ್ಡಿ. ನಿಜವಾದ ಶಂಕುವೃಕ್ಷಗಳು ಹೆಚ್ಚಾಗಿ ತಂಪು ಸೀಮೆಯವು. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಶಂಕುವೃಕ್ಷವೆಂದರೆ ಪೊಡೊಕಾರ್ಪಸ್ ಕುಲಕ್ಕೆ ಸೇರಿದ್ದೆಂದು ಹಿಂದೆ ಎಣಿಸುತ್ತಿದ್ದ ಒಂದೇ ಒಂದು ಮರ. ಅದು ಸಹ್ಯಾದ್ರಿಯ ತೆಂಕಣ ಮಳೆಗಾಡುಗಳಲ್ಲಿದೆ. ಉಳಿದವೆಲ್ಲ ನಮ್ಮ ಅಂಗಳಕ್ಕೆ ಹೊರಗಿನಿಂದ ಬಂದ ಅತಿಥಿಗಳು.

ಸುಲಭವಾಗಿ ಹತ್ತುವ ಕೆಲವು ಗಿಡಗಳ ಕಾಂಡದಲ್ಲಿ ಬೇರಿನ ಮೊಳಕೆಗಳು ಮೊದಲೇ ಸಿದ್ಧವಾಗಿ ಮಲಗಿರುತ್ತವೆ. ನೀರಿನ ಪಸೆ ತಗಲಿದೊಡನೆ ಎಚ್ಚರಗೊಳ್ಳುತ್ತವೆ. ಶಂಕುವೃಕ್ಷದ ಕಡ್ಡಿಗೆ ಸಾಮಾನ್ಯವಾಗಿ ಆ ಆಸ್ತಿ ಇರುವುದಿಲ್ಲ. ಅದು ಕೊಯ್ದ ಗಾಯವನ್ನು ಮೊದಲು ಮುಚ್ಚಿಕೊಳ್ಳಬೇಕು. ಆಮೇಲೆ ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಜೀವಂತ ಪದರದ ಬಳಿ, ಕಾಂಡವಾಗಿದ್ದ ಕಣಗಳು ತಮ್ಮ ಹಳೆಯ ಕೆಲಸವನ್ನು ಮರೆತು ಬೇರಾಗುವ ಹೊಸ ಕೆಲಸ ಕಲಿಯಬೇಕು. ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ನಾನು ಕಂಡ ಬಿಳಿಯ ಗಂಟು ಗಾಯ ಮಾಯುವ ಗುರುತೇ ಹೊರತು ಬೇರಿನ ಗುರುತಲ್ಲ. ಗಂಟು ಕಟ್ಟಿಯೂ ಬೇರು ಬಾರದೆ ಕಡ್ಡಿ ಸಾಯುವುದುಂಟು.

ಇಷ್ಟು ಕಾಲ ಬೇರಿಲ್ಲದ ಕಡ್ಡಿ ಬದುಕುವುದು ಹೇಗೆ? ಎಲೆಯಲ್ಲಿ ಆಹಾರ ತಯಾರಾಗುತ್ತಿರುತ್ತದೆ. ಆದರೆ ಅದೇ ಎಲೆಯಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ಹೀರಲು ಬೇರಿಲ್ಲ. ಎಲೆಯನ್ನೆಲ್ಲ ತೆಗೆದರೆ ಉಪವಾಸ, ಎಲೆಯನ್ನೆಲ್ಲ ಬಿಟ್ಟರೆ ಬಾಯಾರಿಕೆ. ಈ ಎರಡರ ನಡುವೆ ಅದನ್ನು ಬದುಕಿಸಿ ಇಡುವುದೇ ನಮ್ಮ ಕೆಲಸ. ಬೇರು ಬರಿಸುವವರು ನಾವಲ್ಲ. ಬೇರು ಬರುವ ತನಕ ಕಡ್ಡಿ ಸಾಯದಂತೆ ಕಾಯುವವರು ನಾವು. ಈ ಒಂದು ಮಾತನ್ನು ಹಿಡಿದುಕೊಂಡರೆ, ಮುಂದೆ ಹೇಳುವ ರೀತಿಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲನೆಯದು ಕಡ್ಡಿಯ ಆಯ್ಕೆ. ಎಳೆಯ ಗಿಡದ ಕಡ್ಡಿ ಬೇಗ ಬೇರು ಬಿಡುತ್ತದೆ. ಮುದಿ ಮರದ ಕಡ್ಡಿ ಹಟಮಾರಿ. ಹಳೆಯ ಮರವೇ ಗತಿಯೆಂದಾದರೆ ಅದರ ತುದಿಯಿಂದ ಕೊಯ್ಯದೆ ಕೆಳಭಾಗದ ಟೊಂಗೆಗಳಿಂದ ಕೊಯ್ಯಬೇಕು. ನಾನು ಎರಡನೆಯ ವರ್ಷ ಬೇಸಗೆಯ ಮೊದಲೇ ಕೆಳಗಿನ ಕೆಲವು ಟೊಂಗೆಗಳ ತುದಿಯನ್ನು ಸವರಿಟ್ಟೆ. ಮಳೆಯ ಹೊತ್ತಿಗೆ ಅಲ್ಲಿ ಹುರುಪಿನ ಹೊಸ ಚಿಗುರು ಬಂದಿತು. ಹೀಗೆ ಸವರುವಾಗ ಹಸುರು ತೊಪ್ಪಲು ಇರುವಲ್ಲಿಗೇ ನಿಲ್ಲಿಸಬೇಕು. ಬರಿಯ ಕಟ್ಟಿಗೆಯವರೆಗೆ ಕೊಯ್ದರೆ ಥೂಜಾ ಅಲ್ಲಿ ಮತ್ತೆ ಚಿಗುರುವ ಭರವಸೆ ಇಲ್ಲ. ಕಡ್ಡಿ ಪೂರಾ ಎಳಸೂ ಇರಬಾರದು, ಪೂರಾ ಬಲಿತೂ ಇರಬಾರದು. ಬುಡದಲ್ಲಿ ಹಸುರು ಬಣ್ಣ ಕಂದಿಗೆ ತಿರುಗುತ್ತಿರಬೇಕು. ಉದ್ದ 4 ರಿಂದ 6 ಅಂಗುಲ ಸಾಕು. ಪಕ್ಕದ ಕಡ್ಡಿಯನ್ನು ಕತ್ತರಿಯಿಂದ ಕತ್ತರಿಸುವ ಬದಲು ಕೆಳಮುಖವಾಗಿ ಮೆಲ್ಲಗೆ ಎಳೆದರೆ, ತಾಯಿ ಟೊಂಗೆಯ ತೊಗಟೆಯ ಒಂದು ಸಣ್ಣ ಚೂರು ಹಿಮ್ಮಡಿಯ ಹಾಗೆ ಬುಡಕ್ಕೆ ಅಂಟಿಕೊಂಡು ಬರುತ್ತದೆ. ಅಂಥ ಕಡ್ಡಿ ಬೇರು ಬಿಡಲು ಹೆಚ್ಚು ಅನುಕೂಲ.

ಎರಡನೆಯದು ಹೊತ್ತು. ತಂಪು ದೇಶಗಳಲ್ಲಿ ಚಳಿಗಾಲದಲ್ಲಿ, ಗಿಡ ಮಲಗಿರುವಾಗ, ಕಡ್ಡಿ ತೆಗೆಯುತ್ತಾರೆ. ನಮ್ಮ ಹಿರೇಕೆರೂರು, ಹಾನಗಲ್ಲಿನ ಸೀಮೆಗೆ ಮಳೆಗಾಲವೇ ಒಳ್ಳೆಯದು. ಆರಿದ್ರಾದಿಂದ ಆಶ್ಲೇಷಾದವರೆಗೆ ಗಾಳಿಯಲ್ಲಿಯೇ ಪಸೆ ಇರುತ್ತದೆ. ಎಲೆಯ ಬಾಯಾರಿಕೆ ಕಡಿಮೆ. ಬೆಳಗಿನ ತಂಪು ಹೊತ್ತಿನಲ್ಲಿ ಕಡ್ಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂದೇ ಊರಬೇಕು. ಸಂತೆಯ ಚೀಲದಲ್ಲಿ ಹಾಕಿಕೊಂಡು ಸವಣೂರಿನವರೆಗೆ ಬಿಸಿಲಲ್ಲಿ ಹೋದ ಕಡ್ಡಿಗೆ ಆಮೇಲೆ ಎಷ್ಟು ನೀರೆರೆದರೂ ವ್ಯರ್ಥ.

ಮೂರನೆಯದು ಊರುವ ನೆಲೆ. ಇಲ್ಲಿಯೇ ನನ್ನ ದೊಡ್ಡ ತಪ್ಪಾದದ್ದು. ಬೇರಿಲ್ಲದ ಕಡ್ಡಿಗೆ ಗೊಬ್ಬರ ಉಣಿಸುವುದೆಂದರೆ ಹಲ್ಲು ಬಾರದ ಕೂಸಿಗೆ ರೊಟ್ಟಿ ಕೊಟ್ಟ ಹಾಗೆ. ಗೊಬ್ಬರದಲ್ಲಿ ಕೊಳೆಸುವ ಬೂಷ್ಟಿನ ಬೀಜವೂ ಇರುತ್ತದೆ. ಬೇಕಾದದ್ದು ಗಾಳಿ ಆಡುವ, ನೀರು ನಿಲ್ಲದ, ಆದರೆ ಪಸೆ ಹಿಡಿಯುವ ಜಾಗ. ದಪ್ಪ ಹೊಳೆಯ ಉಸುಕನ್ನು ತಿಳಿನೀರು ಬರುವವರೆಗೆ ತೊಳೆದು, ಕುದಿಯುವ ನೀರು ಹೊಯ್ದು ಆರಿಸಿ, ಅದಕ್ಕೆ ಸಮನಾಗಿ ತೊಳೆದ ತೆಂಗಿನ ನಾರಿನ ಪುಡಿಯನ್ನು ಬೆರೆಸಿದರೆ ಸಾಕು. ನಾರಿನ ಪುಡಿಯನ್ನು ತೊಳೆಯಿರಿ ಎನ್ನುವುದು ಅದರಲ್ಲಿ ಉಪ್ಪಿನ ಅಂಶ ಇರಬಹುದೆಂದು. ತಳದಲ್ಲಿ ತೂತುಗಳಿರುವ ಮಣ್ಣಿನ ಕುಂಡವಿರಲಿ. ಹಿಡಿಯಷ್ಟು ಮಿಶ್ರಣವನ್ನು ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಸುರಿಯಬಾರದು.

ನಾಲ್ಕನೆಯದು ಗಾಯ ಮತ್ತು ಪುಡಿ. ಕಡ್ಡಿಯ ಕೆಳಗಿನ ಮೂರನೆಯ ಒಂದು ಪಾಲಿನ ತೊಪ್ಪಲನ್ನು ತೆಗೆಯಿರಿ, ಮೇಲಿನದನ್ನು ಬಿಡಿರಿ. ಬುಡದ ಒಂದು ಪಕ್ಕದಲ್ಲಿ ಅರ್ಧ ಅಂಗುಲದಿಂದ ಒಂದು ಅಂಗುಲದವರೆಗೆ ಹರಿತವಾದ, ಚೊಕ್ಕ ಚಾಕುವಿನಿಂದ ತೊಗಟೆಯನ್ನು ತೆಳ್ಳಗೆ ಹೆರೆಯಿರಿ. ಇದರಿಂದ ನೀರು ಹೀರುವುದಕ್ಕೂ ಬೇರು ಹೊರಡುವುದಕ್ಕೂ ಹಾದಿಯಾಗುತ್ತದೆ. ಆಮೇಲೆ ಬೇರು ಬರಿಸುವ ಪುಡಿ.

ಈ ಪುಡಿಯ ಹಿಂದೆ ಒಂದು ಸ್ವಾರಸ್ಯದ ಚರಿತ್ರೆ ಇದೆ. ಎಳೆಯ ಸಸಿ ಬೆಳಕಿನ ಕಡೆಗೆ ಏಕೆ ಬಾಗುತ್ತದೆಂದು ಚಾರ್ಲ್ಸ್ ಡಾರ್ವಿನ್ ತಮ್ಮ ಮಗನೊಡನೆ ಪರೀಕ್ಷಿಸಿ, ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಇಳಿದು ಬರುತ್ತದೆಂದು 1880ರಲ್ಲಿ ಬರೆದರು. ಆ ಏನೋ ಒಂದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ತರುಣ ವಿಜ್ಞಾನಿ ಓಟ್ಸ್ ಸಸಿಗಳ ತುದಿಯಿಂದ ಬೇರ್ಪಡಿಸಿ 1928ರಲ್ಲಿ ಪ್ರಕಟಿಸಿದರು. ಅದಕ್ಕೆ ಆಕ್ಸಿನ್ ಎಂದು ಹೆಸರು. ಆಕ್ಸಿನ್ ಚಿಗುರಿನಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಕಡ್ಡಿಯನ್ನು ಕೊಯ್ದಾಗ ಮುಂದೆ ಹೋಗಲು ದಾರಿಯಿಲ್ಲದೆ ಬುಡದಲ್ಲಿ ಕೂಡಿಬೀಳುತ್ತದೆ. ಅಲ್ಲಿ ಬೇರಿಗೆ ಪ್ರೇರಣೆ ಕೊಡುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ಊರಬಾರದೆನ್ನುವ ನಮ್ಮ ಹಿರಿಯರ ಮಾತಿಗೆ ಇದೇ ಕಾರಣ. 1930ರ ದಶಕದಲ್ಲಿ ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬುದು ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆಂದು ತಿಳಿದುಬಂದಿತು. ಇಂದು ಬೀಜ ಗೊಬ್ಬರದ ಅಂಗಡಿಗಳಲ್ಲಿ ಐ.ಬಿ.ಎ. ಎಂದು ಮಾರುವ ಪುಡಿ ಅದೇ. ಶಂಕುವೃಕ್ಷಗಳಿಗೆ ನೂರಕ್ಕೆ 0.3 ರಿಂದ 0.8ರಷ್ಟು ಬಲದ ಪುಡಿ ಬೇಕು. ಗಟ್ಟಿ ಕಟ್ಟಿಗೆಯ ಕಡ್ಡಿಗೆ ಎಂದು ಕೇಳಿ ಪಡೆಯಿರಿ. ಸ್ವಲ್ಪ ಪುಡಿಯನ್ನು ಕಾಗದದ ಮೇಲೆ ಹಾಕಿಕೊಂಡು, ಒದ್ದೆಯಾದ ಬುಡವನ್ನು ಅದರಲ್ಲಿ ಅದ್ದಿ, ಹೆಚ್ಚಾದದ್ದನ್ನು ಕೊಡವಿರಿ. ಸ್ವಲ್ಪ ಒಳ್ಳೆಯದಾದರೆ ಬಹಳ ಇನ್ನೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು. ಹೆಚ್ಚಾದರೆ ಬುಡ ಸುಟ್ಟು ಕಪ್ಪಾಗುತ್ತದೆ. ಕುಂಡದಲ್ಲಿ ಪೆನ್ಸಿಲಿನಂಥ ಕೋಲಿನಿಂದ ಮೊದಲು ತೂತು ಮಾಡಿ ಆಮೇಲೆ ಕಡ್ಡಿ ಇಳಿಸಿರಿ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಉಸುಕಿಗೆ ಒರೆಸಿಹೋಗುತ್ತದೆ.

ಜೇನುತುಪ್ಪ, ಎಳನೀರುಗಳಲ್ಲಿ ಅದ್ದಬಹುದೇ ಎಂದು ಕೇಳುವವರಿದ್ದಾರೆ. ಎಳನೀರಿನಲ್ಲಿ ಬೆಳವಣಿಗೆಯ ದ್ರವ್ಯಗಳಿರುವುದು ನಿಜ. ಆದರೆ ಅದರಲ್ಲಿ ಮುಖ್ಯವಾದವು ಕಣ ಒಡೆಯುವುದನ್ನೂ ಚಿಗುರನ್ನೂ ಪ್ರೋತ್ಸಾಹಿಸುವಂಥವು. ಅವು ಹೆಚ್ಚಾದರೆ ಬೇರು ತಡೆಯುವುದೂ ಉಂಟು. ಮೇಲಾಗಿ ಅದರ ಸಿಹಿಗೆ ಬೂಷ್ಟು ಬರುತ್ತದೆ. ತಿಂಗಳುಗಟ್ಟಲೆ ಕಾಯಬೇಕಾದ ಕಡ್ಡಿಗೆ ಅದು ತಕ್ಕದ್ದಲ್ಲ.

ಐದನೆಯದು ಹೊದಿಕೆ. ಊರಿದ ಮೇಲೆ ಒಮ್ಮೆ ನೀರು ಹನಿಸಿ, ಕುಂಡದ ಸುತ್ತ ನಾಲ್ಕು ಕಡ್ಡಿ ನಿಲ್ಲಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಮುಚ್ಚಿ ದಾರ ಕಟ್ಟಿರಿ. ಹಿಂದೆ ಇದಕ್ಕಾಗಿ ಗಾಜಿನ ಭರಣಿಯನ್ನು ಬೋರಲು ಹಾಕುತ್ತಿದ್ದರು. ಒಳಗಿನ ಗಾಳಿ ಪಸೆಯಿಂದ ತುಂಬಿ ಎಲೆಯ ನೀರು ಉಳಿಯುತ್ತದೆ. ಆದರೆ ಈ ಕುಂಡವನ್ನು ಬೆಳಕಿರುವ ನೆರಳಿನಲ್ಲಿಯೇ ಇಡಬೇಕು. ನೇರ ಬಿಸಿಲಿಗೆ ಇಟ್ಟರೆ ಚೀಲದ ಒಳಗೆ ಕಡ್ಡಿ ಬೆಂದುಹೋಗುತ್ತದೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಿಚ್ಚಿ ಗಾಳಿಯಾಡಲು ಬಿಡಿರಿ. ಉದುರಿದ ತೊಪ್ಪಲನ್ನೂ ಕಪ್ಪಾದ ಕಡ್ಡಿಯನ್ನೂ ಆಗಲೇ ತೆಗೆದುಹಾಕಿರಿ. ಮೇಲಿನ ಉಸುಕು ಒಣಗಿದಂತೆ ಕಂಡರೆ ಮಾತ್ರ ನೀರು. ಬಾಯಾರಿ ಸತ್ತ ಕಡ್ಡಿಗಳಷ್ಟೇ ನೀರಿನಲ್ಲಿ ಕೊಳೆತು ಸತ್ತ ಕಡ್ಡಿಗಳೂ ಇವೆ.

ಆರನೆಯದು ಎಲ್ಲಕ್ಕಿಂತ ಕಠಿಣವಾದದ್ದು, ಸುಮ್ಮನಿರುವುದು. ಬೇರು ಬಂದಿತೇ ಎಂದು ಕಿತ್ತು ನೋಡುವ ಚಪಲ ಯಾರಿಗೆ ಇಲ್ಲ? ಆದರೆ ಆಗ ತಾನೆ ಹೊರಟ ಬೇರು ದಾರಕ್ಕಿಂತ ಮೆತ್ತಗಿರುತ್ತದೆ. ಒಮ್ಮೆ ಎಳೆದರೆ ಎರಡು ತಿಂಗಳ ಕೆಲಸ ಹಾಳು. ಹತ್ತು ವಾರದವರೆಗೆ ಮುಟ್ಟಬೇಡಿರಿ. ಆಮೇಲೆ ಎರಡು ಬೆರಳಿನಿಂದ ಕೂದಲನ್ನು ಎಳೆದಷ್ಟೇ ಮೆಲ್ಲಗೆ ಎತ್ತಿ ನೋಡಿ, ಕಡ್ಡಿ ಉಸುಕನ್ನು ಹಿಡಿದುಕೊಂಡರೆ ಬೇರು ಬಂದಿದೆಯೆಂದು ತಿಳಿಯಿರಿ. ಹಿಡಿಯದಿದ್ದರೂ ಹಸುರಾಗಿದ್ದರೆ ಅಲ್ಲಿಯೇ ಬಿಡಿರಿ. ಬೇರು ಬಂದ ಕೂಡಲೇ ಚೀಲವನ್ನು ಕಿತ್ತೊಗೆಯಬಾರದು. ಎರಡು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ತೆರೆದು ಹೊರಗಿನ ಗಾಳಿಗೆ ರೂಢಿ ಮಾಡಿಸಿ, ಆಮೇಲೆ ಕೆಂಪು ಮಣ್ಣು, ಉಸುಕು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಸಣ್ಣ ಕುಂಡಕ್ಕೆ ಬದಲಿಸಬೇಕು. ನೆಲಕ್ಕೆ ಇಳಿಸುವುದು ಮುಂದಿನ ಮಳೆಗಾಲದಲ್ಲಿ.

ಅರೌಕೇರಿಯಾ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆಯ ಮಾತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಂಬದಂತೆ ನೆಟ್ಟಗೆ ನಿಂತ ಈ ಜಾತಿಯ ಮರಗಳನ್ನು ನೀವು ನೋಡಿರಬಹುದು. ಅದರ ಪಕ್ಕದ ಟೊಂಗೆಯಿಂದ ಕಡ್ಡಿ ಮಾಡಿದರೆ ಬೇರು ಬಂದರೂ ಬರಬಹುದು. ಆದರೆ ಅದು ನೆಟ್ಟಗೆ ಏಳುವುದಿಲ್ಲ. ವರ್ಷ ಕಳೆದರೂ ಟೊಂಗೆಯಾಗಿಯೇ ನೆಲದ ಮಗ್ಗುಲಿಗೆ ಹಬ್ಬುತ್ತದೆ. ತಾನು ಟೊಂಗೆಯೆಂಬ ನೆನಪನ್ನು ಅದು ಬಿಡುವುದಿಲ್ಲ. ನೆಟ್ಟಗಿನ ಗಿಡ ಬೇಕಾದರೆ ನಡುವಿನ ಸುಳಿಯ ಕುಡಿಯೇ ಬೇಕು. ಸುಳಿಯನ್ನು ಕೊಯ್ದ ಮೇಲೆ ತಾಯಿ ಗಿಡದ ಕಾಂಡದಿಂದ ನೆಟ್ಟಗೆ ಏಳುವ ಹೊಸ ಕುಡಿಗಳು ಬಂದರೆ ಅವೂ ಆಗುತ್ತವೆ. ಇನ್ನು ಪೈನ್ ಮರದ ಮಾತು: ಬೆಳೆದ ಪೈನಿನ ಕಡ್ಡಿಗೆ ಮನೆಯಲ್ಲಿ ಬೇರು ಬರಿಸುವ ಆಸೆಯನ್ನು ಬಿಡುವುದೇ ಜಾಣತನ.

ಕಡ್ಡಿಯಿಂದ ಒಂದು ಮರವನ್ನು ಉಳಿಸಿಕೊಳ್ಳುವುದು ಬರಿಯ ಹವ್ಯಾಸವೆಂದು ತಿಳಿಯಬೇಡಿರಿ. ಐರ್ಲೆಂಡಿನ ಫರ್ಮಾನಾ ಸೀಮೆಯ ಗುಡ್ಡದಲ್ಲಿ 18ನೆಯ ಶತಮಾನದಲ್ಲಿ ಒಬ್ಬ ರೈತನಿಗೆ ನೆಟ್ಟಗೆ ಕಂಬದಂತೆ ಬೆಳೆಯುವ ಎರಡು ಯೂ ಸಸಿಗಳು ಸಿಕ್ಕವು. ಒಂದನ್ನು ತನ್ನ ಹಿತ್ತಲಿನಲ್ಲಿ ಹಚ್ಚಿದ. ಇನ್ನೊಂದನ್ನು ಫ್ಲಾರೆನ್ಸ್ ಕೋರ್ಟ್ ಎಂಬ ಒಡೆಯರ ಮನೆಗೆ ಕೊಟ್ಟ. ರೈತನ ಮನೆಯದು 19ನೆಯ ಶತಮಾನದಲ್ಲಿ ಸತ್ತುಹೋಯಿತು. ಕೊಟ್ಟದ್ದು ಉಳಿಯಿತು. ಲೋಕದ ಎಷ್ಟೋ ತೋಟಗಳಲ್ಲಿ, ಸ್ಮಶಾನಗಳಲ್ಲಿ ಇಂದು ನಿಂತಿರುವ ಐರಿಷ್ ಯೂ ಎಂಬ ಮರಗಳು ಆ ಗಿಡದ ಕಡ್ಡಿಗಳ ಸಂತತಿ. ಆಸ್ಟ್ರೇಲಿಯದ ಒಂದು ಕಣಿವೆಯಲ್ಲಿ 1994ರಲ್ಲಿ ಕಂಡುಬಂದ ವೊಲೆಮಿ ಪೈನ್ ಎಂಬುದು ನೂರರ ಒಳಗಿನ ಸಂಖ್ಯೆಯಲ್ಲಿ ಉಳಿದಿದ್ದ ಅತಿ ಪುರಾತನ ಕುಲದ ಮರ. ಅದನ್ನೂ ಕಡ್ಡಿಗಳಿಂದಲೇ ಹೆಚ್ಚಿಸಿ ಬೇರೆ ಬೇರೆ ದೇಶಗಳ ತೋಟಗಳಿಗೆ ಹಂಚಿದರು. ಮೂಲದ ಕಾಡಿಗೆ ಬೆಂಕಿ ಬಿದ್ದರೂ ಕುಲ ಅಳಿಯದಿರಲೆಂಬುದು ಅದರ ಉದ್ದೇಶ. ಒಂದೇ ಕಡೆ ಇಟ್ಟುಕೊಂಡದ್ದು ಹೋಗಬಹುದು, ಹಂಚಿದ್ದು ಉಳಿಯುತ್ತದೆ.

ನಮ್ಮ ಎರಡನೆಯ ವರ್ಷದ ಫಲವನ್ನು ಹೇಳಿ ಮುಗಿಸುತ್ತೇನೆ. ಆ ಮಳೆಗಾಲ 24 ಕಡ್ಡಿಗಳನ್ನು ಊರಿದೆ. 7ಕ್ಕೆ ಬೇರು ಬಂದಿತು. ಚೀಲ ತೆಗೆಯುವಾಗ ಅವಸರ ಮಾಡಿ ಎರಡನ್ನು ಕಳೆದುಕೊಂಡೆ, ಐದು ಉಳಿದವು. ಮುದಿ ಗಿಡದಿಂದ ಅಷ್ಟು ಬಂದದ್ದೇ ಹೆಚ್ಚು. ಚಳಿಗಾಲ ಕಳೆಯುವ ಹೊತ್ತಿಗೆ ಹಾದಿಯ ಕೆಲಸದವರು ಬಂದು ದೊಡ್ಡ ಗಿಡವನ್ನು ಕಡಿದರು. ಅವ್ವ ಅಂದು ಹೊರಗೆ ಬರಲಿಲ್ಲ. ಮುಂದಿನ ಮಳೆಗೆ ಒಂದು ಸಸಿಯನ್ನು ಗೆರೆಯ ಒಳಗೆ ನಮ್ಮ ಗೋಡೆಯ ಬದಿಗೆ ಹಚ್ಚಿದೆವು. ಇನ್ನೊಂದು ಶಿಗ್ಗಾಂವಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಯಿತು. ಉಳಿದ ಮೂರನ್ನು, ಹಿಂದಿನ ವರ್ಷ ಮಾತು ಕೊಟ್ಟಿದ್ದ ನೆರೆಮನೆಗಳಿಗೆ ಅವ್ವ ತಾನೇ ಕೊಂಡೊಯ್ದು ಕೊಟ್ಟು ಬಂದಳು. ಈಗ ನಮ್ಮ ಅಂಗಳದ್ದು ಎದೆಯ ಎತ್ತರಕ್ಕೆ ಬಂದಿದೆ. ಓಣಿಯ ಹುಡುಗರು ಪುಸ್ತಕದಲ್ಲಿಡಲು ತೊಪ್ಪಲು ಹರಿಯುವುದನ್ನೂ ಸುರುಮಾಡಿದ್ದಾರೆ.

ನಿಮ್ಮ ಮನೆಯಲ್ಲಿಯೂ ಹಿರಿಯರು ಹಚ್ಚಿದ ಇಂಥ ಗಿಡವೊಂದಿರಬಹುದು. ಗೋಡೆ ಕಟ್ಟುವ, ಹಾದಿ ಬರುವ ಮಾತು ಏಳುವವರೆಗೆ ಕಾಯಬೇಡಿರಿ. ಗಿಡ ಗಟ್ಟಿಯಾಗಿರುವಾಗಲೇ, ಬರುವ ಮಳೆಗೇ, ಒಂದು ಕುಂಡದಲ್ಲಿ ಹತ್ತು ಕಡ್ಡಿ ಊರಿ ನೆರಳಿನಲ್ಲಿಡಿರಿ. ಒಂದು ಹತ್ತಿದರೂ ಆಯಿತು. ಎರಡು ಹತ್ತಿದರೆ ಒಂದನ್ನು ನೆರೆಯವರಿಗೆ ಕೊಡಿರಿ.